ನನ್ನ ಹೃದಯಾಘಾತವನ್ನು ಹಿಂದಿರುಗಿಸಲು ಐದನೇ ಕೋಣೆಯ ಬೊಂಬೆಯವರಲ್ಲಿ ಮನವಿ

ಇವರಿಗೆ,
ಮಾನ್ಯ ಬೊಂಬೆಯವರು,
ಐದನೇ ಕೋಣೆ, ಕಿಟಕಿ ಪಕ್ಕದ ಮಂಚ,
ವೈದ್ಯಕೀಯ ವಿದ್ಯಾರ್ಥಿಗಳ ಸಕ್ರಿಯ ಕಲಿಕಾ ವಿಭಾಗ, ಎರಡನೇ ಮಹಡಿ.

ಮಾನ್ಯರೇ,

ಸಾದರ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ತಲೆದೆಸೆಯ ಪರದೆಯಲ್ಲಿ ಓಡುವ ಹಸಿರು ಗೆರೆಯಿಂದ ತಿಳಿದು ಸಂತೋಷವಾಯಿತು. ಕಳೆದ ವಾರವೊಂದರಲ್ಲೇ ತಾವು ನಾಲ್ಕು ಸಲ ಪ್ರಾಣ ಬಿಟ್ಟು, ಮೂರು ಸಲ ವಿದ್ಯಾರ್ಥಿಗಳ ಕೈಯಲ್ಲಿ ಬದುಕಿ, ನಾಲ್ಕನೆಯ ಸಲ ಅವರು ಊಟದ ಗಂಟೆಯಾಯಿತೆಂದು ಎದ್ದುಹೋದದ್ದರಿಂದ ಮಧ್ಯಾಹ್ನ ಎರಡರವರೆಗೂ ಸತ್ತೇ ಇದ್ದು, ಆಮೇಲೆ ತಂತ್ರಜ್ಞರು ಬಂದು ಗುಂಡಿ ಒತ್ತಿದಾಗ ಯಾರ ಮೇಲೂ ಮುನಿಸಿಲ್ಲದೆ ಉಸಿರಾಡತೊಡಗಿದಿರಂತೆ. ಇಷ್ಟು ದೊಡ್ಡ ಮನಸ್ಸನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ಆದ್ದರಿಂದಲೇ ಮನುಷ್ಯರಿಗೆ ಬರೆದ ಏಳು ಅರ್ಜಿಗಳಿಗೆ ಉತ್ತರ ಬಾರದೆ ಹೋದ ಮೇಲೆ ಎಂಟನೆಯದನ್ನು ತಮಗೆ ಬರೆಯುತ್ತಿದ್ದೇನೆ. ತಮಗೆ ಓದಲು ಬಾರದೆಂದು ಕೆಲವರು ಹೇಳಿದ್ದರಿಂದ ಇದರ ಒಂದು ಪ್ರತಿಯನ್ನು ಮೆಟ್ಟಿಲ ಬಳಿಯ ಸೂಚನಾ ಫಲಕಕ್ಕೂ ಅಂಟಿಸಿದ್ದೇನೆ, ಹೋಗಿಬರುವವರು ಓದಿ ತಮಗೆ ಹೇಳಲಿ.

ಒಂಬತ್ತು ವರ್ಷದಿಂದ ಒಂದೇ ಗೋಡೆಯ ಆಚೆ ಈಚೆ ಇದ್ದರೂ ನಮ್ಮ ಪರಿಚಯವಾಗಿಲ್ಲ. ನಾನು ನಾಲ್ಕನೇ ಕೋಣೆಯ ರೋಗಿ. ವಿದ್ಯಾರ್ಥಿಗಳು ನಿಜವಾದ ರೋಗಿಗಳ ಮೇಲೆ ಕೈ ಇಡುವ ಮೊದಲು ಸುಳ್ಳು ರೋಗಿಗಳ ಮೇಲೆ ಕೈ ಪಳಗಿಸಿಕೊಳ್ಳಲಿ ಎಂದು ಕಾಲೇಜಿನವರು ನೇಮಿಸಿಕೊಂಡ ಆರು ಮಂದಿಯಲ್ಲಿ ಒಬ್ಬಳು. ಮೊದಲ ಕೋಣೆಯ ನಿವೃತ್ತ ಕಂಡಕ್ಟರಿಗೆ ತಲೆಸುತ್ತು, ಎರಡನೆಯ ಕೋಣೆಯ ದರ್ಜಿಗೆ ಮಂಡಿನೋವು. ನನ್ನ ಪಾಲಿಗೆ ಬಂದದ್ದು ಪಿತ್ತಕೋಶದ ಕಲ್ಲು. ಈ ಒಂಬತ್ತು ವರ್ಷದಲ್ಲಿ ಸಾವಿರದಷ್ಟು ಮಕ್ಕಳು ನನ್ನ ಬಲ ಪಕ್ಕೆಯ ಕೆಳಗೆ ಒತ್ತಿ, ನಾನು ಕಿರುಚಿದ್ದನ್ನು ಕೇಳಿ, ಡಾಕ್ಟರರಾಗಿ ಹೋಗಿದ್ದಾರೆ. ಈ ಕೆಲಸಕ್ಕೆ ಬರುವ ಮುನ್ನ ಮೂವತ್ತು ವರ್ಷ ಒಂದು ನಾಟಕ ಕಂಪನಿಯಲ್ಲಿ ಪರದೆಯ ಹಿಂದೆ ನಿಂತು, ನಟರು ಮಾತು ಮರೆತಾಗ ಮೆಲ್ಲಗೆ ಎತ್ತಿಕೊಡುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುವುದು ಆ ಕೆಲಸ. ಇದು ಪೂರ್ತಿ ತಿರುಗುಮುರುಗು.

ಹೇಗೆಂದು ವಿವರಿಸುವ ಮೊದಲು ತಮ್ಮ ಜೊತೆಯಲ್ಲೇ ಈ ಕಟ್ಟಡಕ್ಕೆ ಬಂದ ಸಕ್ರಿಯ ಕಲಿಕೆಯ ಬಗ್ಗೆ ಎರಡು ಮಾತು ಹೇಳುವುದು ನನ್ನ ಧರ್ಮ. ಹಿಂದೆಲ್ಲ ಇಲ್ಲಿ ಮೇಷ್ಟ್ರು ಒಂದು ಗಂಟೆ ಮಾತಾಡುತ್ತಿದ್ದರಂತೆ, ಮಕ್ಕಳು ಒಂದು ಗಂಟೆ ನಿದ್ದೆ ಮಾಡುತ್ತಿದ್ದರಂತೆ, ಇಬ್ಬರಿಗೂ ಹಿತವಾಗಿತ್ತಂತೆ. ಆಮೇಲೆ ಬೆಂಚುಗಳನ್ನು ಕಿತ್ತು ದುಂಡು ಮೇಜು ಹಾಕಿ, ಚಕ್ರದ ಕುರ್ಚಿ ತರಿಸಿ, ಹಳದಿ ಮತ್ತು ಗುಲಾಬಿ ಚೀಟಿಗಳ ಕಟ್ಟು ಕೊಟ್ಟು, ಗೊತ್ತಿರುವುದನ್ನು ಹಳದಿಯಲ್ಲೂ ಗೊತ್ತಿಲ್ಲದ್ದನ್ನು ಗುಲಾಬಿಯಲ್ಲೂ ಬರೆದು ಗೋಡೆಗೆ ಅಂಟಿಸಿ, ಗುಂಪಿನಲ್ಲಿ ಚರ್ಚಿಸಿ, ಉತ್ತರವನ್ನು ತಾವೇ ಕಂಡುಕೊಳ್ಳಬೇಕೆಂದು ಗೊತ್ತುಪಡಿಸಿದರು. ಮೇಷ್ಟ್ರು ಯಾವುದಕ್ಕೂ ನೇರ ಉತ್ತರ ಕೊಡಕೂಡದು. ವಿಭಾಗದ ಮುಖ್ಯಸ್ಥರು ಈ ನಿಯಮವನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ, ಒಂಬತ್ತು ವರ್ಷದಿಂದ ಅವರ ಬಾಯಲ್ಲಿ ‘ನಿಮಗೇನನ್ನಿಸುತ್ತೆ?’ ಎಂಬುದನ್ನು ಬಿಟ್ಟು ಬೇರೆ ಮಾತು ಬಂದದ್ದನ್ನು ಕೇಳಿದವರಿಲ್ಲ. ಮಕ್ಕಳು ಅವರನ್ನು ‘ಏನನ್ನಿಸುತ್ತೆ ಸರ್’ ಎಂದೇ ಕರೆಯುತ್ತಾರೆ. ಒಮ್ಮೆ ಕೈತೊಳೆಯುವ ಕೊಳಾಯಿ ಒಡೆದು ನೀರು ನುಗ್ಗಿದಾಗ ರಿಪೇರಿಯವನು ಓಡಿಬಂದು ಮುಖ್ಯ ನಲ್ಲಿ ಎಲ್ಲಿದೆ ಸರ್ ಎಂದು ಕೇಳಿದ. ಸರ್ ಅವನಿಗೆ ಒಂದು ಹಳದಿ ಚೀಟಿ, ಒಂದು ಗುಲಾಬಿ ಚೀಟಿ ಕೊಟ್ಟರು. ನೀರು ಪಾದ ಮುಳುಗುವಷ್ಟು ಬಂತು. ಆದರೆ ಆ ರಿಪೇರಿಯವನು ನಲ್ಲಿಯನ್ನು ತಾನೇ ಕಂಡುಕೊಂಡ, ಸಾಯುವವರೆಗೂ ಮರೆಯಲಾರ ಎಂದು ಸರ್ ಇಂದಿಗೂ ಉದಾಹರಣೆ ಕೊಡುತ್ತಾರಂತೆ, ಅದನ್ನೂ ಪ್ರಶ್ನೆಯ ರೂಪದಲ್ಲೇ.

ನಾನು ಇದನ್ನು ಹೀಗಳೆಯುತ್ತಿಲ್ಲ ಬೊಂಬೆಯವರೇ. ಮೊದಲ ದಿನ ನನ್ನ ಮಣಿಕಟ್ಟು ಮುಟ್ಟಲು ಅಂಜಿ ನಾಡಿಯ ಬದಲು ನನ್ನ ಬಳೆಯನ್ನು ಎಣಿಸಿದ ಮಕ್ಕಳು ವರ್ಷದ ಕೊನೆಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸುವುದನ್ನು ನೋಡಿ ನನಗೆ ಹೆಮ್ಮೆಯಾದದ್ದುಂಟು. ಮಾಡಿ ಕಲಿತದ್ದು ಕೈಗೆ ಹತ್ತುತ್ತದೆ, ನಿಜ. ನನ್ನ ತಕರಾರು ಅದರ ಬಗ್ಗೆ ಅಲ್ಲ. ನನ್ನ ತಕರಾರು ಒಂದು ಕಾರ್ಡಿನ ಬಗ್ಗೆ.

ತಮಗೆ ತಂತಿಗಳಿರುವಂತೆ ನಮಗೆ ಕಾರ್ಡು. ಮುಂಭಾಗದಲ್ಲಿ ವಿದ್ಯಾರ್ಥಿ ಒಳಬಂದ ಕೂಡಲೇ ಹೇಳಬೇಕಾದ ಒಂದೇ ವಾಕ್ಯವಿದೆ: ‘ಹೊಟ್ಟೆನೋವು ಡಾಕ್ಟ್ರೇ.’ ಹಿಂಭಾಗದಲ್ಲಿ ನೋವು ಯಾವಾಗ ಬರುತ್ತದೆ, ಎಲ್ಲಿಗೆ ಹರಡುತ್ತದೆ, ಕರಿದದ್ದು ತಿಂದರೆ ಹೆಚ್ಚಾಗುತ್ತದೆಯೇ ಎಂಬ ಇಪ್ಪತ್ತೆರಡು ಸಂಗತಿಗಳಿದ್ದು, ಮೇಲೆ ಕೆಂಪಕ್ಷರದಲ್ಲಿ ‘ಕೇಳಿದರೆ ಮಾತ್ರ ಹೇಳತಕ್ಕದ್ದು’ ಎಂದಿದೆ. ವಿದ್ಯಾರ್ಥಿಗೆ ಎಂಟು ನಿಮಿಷ. ಸರಿಯಾದ ಪ್ರಶ್ನೆ ಕೇಳಿದರೆ ಅಂಕ, ಕೇಳದಿದ್ದರೆ ನಾನು ಗುಮ್ಮನ ಹಾಗೆ ಕೂತಿರಬೇಕು. ಒಂಬತ್ತು ವರ್ಷದಲ್ಲಿ ಈ ಕೆಂಪಕ್ಷರ ನನ್ನ ರಕ್ತಕ್ಕೇ ಇಳಿಯಿತು. ಗಡಿಯಾರ ರಿಪೇರಿ ಮಾಡುವ ನನ್ನ ಯಜಮಾನರು ಮನೆಗೆ ಬಂದು ‘ಏನು ವಿಶೇಷ?’ ಎಂದರೆ ನಾನು ಬಾಯಿ ಬಿಡುವುದಿಲ್ಲ, ಏಕೆಂದರೆ ಅದು ಪಟ್ಟಿಯಲ್ಲಿರುವ ಪ್ರಶ್ನೆಯಲ್ಲ. ನಮ್ಮ ನಾದಿನಿ ಅಜ್ಜಿಯಾದ ಸುದ್ದಿ ಅವರಿಗೆ ಹನ್ನೊಂದು ದಿನ ತಡವಾಗಿ ತಿಳಿಯಿತು. ಅವಳು ಅವರ ಸ್ವಂತ ತಂಗಿ. ‘ಹೇಳಬಾರದಾಗಿತ್ತಾ ಮಾರಾಯ್ತಿ?’ ಎಂದು ಅವರು ಹಣೆ ಚಚ್ಚಿಕೊಂಡಾಗ ‘ನೀವು ಕೇಳ್ಳಿಲ್ಲ’ ಎಂದೆ. ಈಗ ಅವರೂ ಪಾಠ ಕಲಿತಿದ್ದಾರೆ. ಸಕ್ಕರೆ ಡಬ್ಬಿ ಬೇಕಾದರೆ ಅದು ಯಾವಾಗಿನಿಂದ ಕಾಣುತ್ತಿಲ್ಲ, ಎಲ್ಲಿಂದ ಎಲ್ಲಿಗೆ ಸರಿಯಿತು, ಹಿಂದೆ ಎಂದಾದರೂ ಹೀಗಾಗಿತ್ತೇ ಎಂದು ಕ್ರಮವಾಗಿ ವಿಚಾರಿಸುತ್ತಾರೆ.

ಈಗ ಆ ಮಂಗಳವಾರಕ್ಕೆ ಬರುತ್ತೇನೆ, ಪರೀಕ್ಷೆಯ ದಿನಕ್ಕೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ದವಡೆ ಸೆಳೆಯತೊಡಗಿತು. ಎಡಗೈ ಯಾರದೋ ಕೈಯನ್ನು ತಂದು ನನಗೆ ಹೊಲಿದಂತಾಯಿತು. ಬೆನ್ನೆಲ್ಲ ಬೆವರು. ಒಳಬಂದ ವಿದ್ಯಾರ್ಥಿ ನನ್ನ ಹಣೆ ನೋಡಿ ಮೆಚ್ಚುಗೆಯಿಂದ ತಲೆದೂಗಿ, ಎಂಟು ನಿಮಿಷ ಹೊಟ್ಟೆಯ ಬಗ್ಗೆಯೇ ವಿಚಾರಿಸಿ, ಹೋಗುವಾಗ ರೋಗಿಯ ಅಭಿನಯದ ಕುರಿತು ತುಂಬಬೇಕಾದ ಹಾಳೆಯಲ್ಲಿ ‘ಬೆವರು ಅತ್ಯಂತ ಸಹಜ. ನೋವಿನ ಮುಖಭಾವ ತುಸು ಅತಿಯಾಯಿತು. ಒಟ್ಟಾರೆ ಒಳ್ಳೆಯ ರೋಗಿ’ ಎಂದು ಬರೆದರು. ಟೀಕೆಯನ್ನು ಎರಡು ಹೊಗಳಿಕೆಗಳ ನಡುವೆ ಇಟ್ಟು ಕೊಡಬೇಕೆಂಬುದು ವಿಭಾಗದ ನಿಯಮ. ಎರಡನೆಯವರು ನನ್ನ ಬಲ ಪಕ್ಕೆ ಒತ್ತಿದರು. ನಾನು ಕಿರುಚಲಿಲ್ಲ. ಮತ್ತೆ ಒತ್ತಿದರು. ಆಮೇಲೆ ಬಾಗಿ, ಗಾಜಿನ ಆಚೆ ಕೂತ ಪರೀಕ್ಷಕರಿಗೆ ಕೇಳಿಸದ ಹಾಗೆ ‘ಆಂಟಿ, ಇಲ್ಲಿ ಒತ್ತಿದ್ರೆ ನೀವು ಕಿರುಚ್ಬೇಕು’ ಎಂದರು. ಮೂವತ್ತು ವರ್ಷ ಬೇರೆಯವರಿಗೆ ಮಾತು ಎತ್ತಿಕೊಟ್ಟವಳಿಗೆ ಯಾರಾದರೂ ಎತ್ತಿಕೊಟ್ಟದ್ದು ಅದೇ ಮೊದಲು. ನಾಚಿಕೆಯಾಗಿ ಕಿರುಚಿದೆ.

ನೀನೇ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ತಾವು ಕೇಳಬಹುದು. ಹೇಳಲು ನಾಲಗೆ ಏಳಲಿಲ್ಲ. ದವಡೆ ನನ್ನ ಕಾರ್ಡಿನಲ್ಲಿರಲಿಲ್ಲ, ಯಾರೂ ದವಡೆಯ ಬಗ್ಗೆ ಕೇಳಿರಲೂ ಇಲ್ಲ. ಸಾಯುವ ಭಯಕ್ಕಿಂತ ಮಕ್ಕಳ ಪರೀಕ್ಷೆ ಕೆಡಿಸುವ ಭಯ ನನಗೆ ದೊಡ್ಡದಾಗಿತ್ತು. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೂರನೆಯವಳು ಪೆನ್ಸಿಲ್ ಹುಡುಗಿ. ಕೂದಲ ಗಂಟಿಗೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವುದರಿಂದ ಎಲ್ಲರೂ ಅವಳನ್ನು ಹಾಗೆ ಕರೆಯುತ್ತಾರೆ. ಅವಳಿಗೆ ಎಂದೂ ಅಂಕ ಬಂದದ್ದಿಲ್ಲ. ಮಂಡಿನೋವಿನ ದರ್ಜಿಯನ್ನು ‘ಹೊಲಿಗೆ ಯಂತ್ರ ಯಾವ ಕಾಲಲ್ಲಿ ತುಳೀತೀರಿ?’ ಎಂದು ಕೇಳಿ, ತಲೆಸುತ್ತಿನ ಕಂಡಕ್ಟರರನ್ನು ‘ಊಟ ಯಾರ ಜೊತೆ ಮಾಡ್ತೀರಿ?’ ಎಂದು ಕೇಳಿ, ಪಟ್ಟಿಯಲ್ಲಿಲ್ಲದ ಪ್ರಶ್ನೆಗಳಲ್ಲೇ ಎಂಟು ನಿಮಿಷ ಕಳೆಯುವವಳು. ಅಂದು ಅವಳು ಒಳಬಂದಳು, ನಾನು ‘ಹೊಟ್ಟೆನೋವು ಡಾಕ್ಟ್ರೇ’ ಎಂದೆ, ಅವಳು ನನ್ನನ್ನೇ ಒಂದು ಕ್ಷಣ ನೋಡಿ ಕೈಯಲ್ಲಿದ್ದ ಹಾಳೆಯನ್ನು ಮಗುಚಿಟ್ಟು, ‘ಅಮ್ಮಾ, ಆಟ ಸಾಕು. ನಿಮಗೆ ನಿಜವಾಗ್ಲೂ ಏನಾಗ್ತಿದೆ?’ ಎಂದು ಕೇಳಿದಳು. ಒಂಬತ್ತು ವರ್ಷದಲ್ಲಿ ಸಾವಿರ ಮಕ್ಕಳು ಕೇಳದ ಪ್ರಶ್ನೆ. ಕೇಳಿದರೆ ಮಾತ್ರ ಹೇಳತಕ್ಕದ್ದು ಎಂದಿದೆಯಲ್ಲ, ಅವಳು ಕೇಳಿದಳು, ನಾನು ಹೇಳಿದೆ.

ಆಮೇಲಿನದಕ್ಕೆ ತಾವೇ ಸಾಕ್ಷಿ. ನನ್ನ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಮಂಚ, ಒಂದು ಪ್ಲಾಸ್ಟಿಕ್ ಹೂಜಿ ಬಿಟ್ಟರೆ ಏನೂ ಇಲ್ಲ. ಇಸಿಜಿ ಯಂತ್ರವಿರುವುದು ತಮ್ಮ ಕೋಣೆಯಲ್ಲಿ. ಅವಳು ನನ್ನನ್ನು ಹೆಗಲಿಗೆ ಆನಿಸಿಕೊಂಡು ಅಲ್ಲಿಗೆ ಬಂದಾಗ ಐವರು ವಿದ್ಯಾರ್ಥಿಗಳು ತಮ್ಮ ಸುತ್ತ ನಿಂತು ಚೀಟಿ ಅಂಟಿಸುತ್ತಿದ್ದರು. ‘ಇವರು ನಮ್ಮ ರೋಗಿ ಅಲ್ಲ’ ಎಂದು ಒಬ್ಬರು ಆಕ್ಷೇಪಿಸಿದರು. ಇನ್ನೊಬ್ಬರು ಅದನ್ನು ಹಳದಿ ಚೀಟಿಯಲ್ಲಿ ಬರೆದುಕೊಂಡರು. ಅವಳು ತಮ್ಮ ಎದೆಯಿಂದ ಒಂದೊಂದೇ ತಂತಿ ಕಿತ್ತು ನನ್ನ ಎದೆಗೆ ಅಂಟಿಸಿದಳು. ಕೀಳುವಾಗ ತಮಗೆ ‘ಸಾರಿ’ ಎಂದಳು, ನೆನಪಿದೆಯೇ? ಗಾಜಿನ ಆಚೆ ಕೂತಿದ್ದ ಏನನ್ನಿಸುತ್ತೆ ಸರ್ ಇದೊಂದು ಹೊಸ ಬಗೆಯ ಗುಂಪು ಚಟುವಟಿಕೆಯೆಂದು ಹಿಗ್ಗಿ ಹೋಗಿ, ಮೈಕಿನಲ್ಲಿ ‘ನಿಮಗೇನನ್ನಿಸುತ್ತೆ?’ ಎಂದು ಕೇಳಿದರು. ‘ಹಾರ್ಟ್ ಅಟ್ಯಾಕ್ ಅನ್ನಿಸುತ್ತೆ ಸರ್, ಗಾಲಿಕುರ್ಚಿ!’ ಎಂದು ಅವಳು ಕೂಗಿದಳು. ಆ ಕೂಗಿಗೆ ಓಗೊಟ್ಟವರು ಗಂಟೆ ಬಾರಿಸುವ ಅಟೆಂಡರ್ ಒಬ್ಬರೇ. ಅವರಿಗೆ ಸಕ್ರಿಯ ಕಲಿಕೆಯ ತರಬೇತಿ ಆಗಿರಲಿಲ್ಲ, ಹೀಗಾಗಿ ಹೇಳಿದ ತಕ್ಷಣ ಮಾಡಿಬಿಟ್ಟರು. ಅವಳು ನನ್ನ ಬಾಯಿಗೆ ಮಾತ್ರೆ ಹಾಕಿ ಅಗಿಯಿರಿ ಎಂದಳು, ಅಟೆಂಡರು ಕುರ್ಚಿ ತಳ್ಳಿದರು, ಪಕ್ಕದ ಆಸ್ಪತ್ರೆಯ ಡಾಕ್ಟರು ‘ಓ, ನಾಲ್ಕನೇ ರೂಮಿನ ಆಂಟಿ! ಕಲ್ಲು ಅಲ್ವಾ?’ ಎಂದು ನಗುನಗುತ್ತಾ ಎದ್ದುಬಂದವರು ಅವಳ ಕೈಯಲ್ಲಿದ್ದ ಇಸಿಜಿ ಹಾಳೆ ನೋಡಿ ನಗು ನಿಲ್ಲಿಸಿ, ಮುಚ್ಚಿಹೋಗಿದ್ದ ರಕ್ತನಾಳವನ್ನು ಆ ತಾಸಿನಲ್ಲೇ ಬಿಡಿಸಿದರು. ಇನ್ನು ಅರ್ಧ ತಾಸು ತಡವಾಗಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ ಎಂದು ಅವರೇ ಹೇಳಿದರು.

ನಾನು ಬದುಕಿದೆ. ಅವಳು ಫೇಲಾದಳು.

ಹೇಗೆಂದು ಕೇಳಿ. ಇಸಿಜಿ ಹಾಳೆಯ ನೆತ್ತಿಯ ಮೇಲೆ ತಮ್ಮ ಯಂತ್ರ ತನ್ನ ಅಭ್ಯಾಸದಂತೆ ‘ರೋಗಿ ಐದು, ಪುರುಷ, ವಯಸ್ಸು ಮೂವತ್ತೆಂಟು’ ಎಂದು ಮುದ್ರಿಸಿತ್ತು. ಪರೀಕ್ಷಾ ಸಮಿತಿಯವರು ಆ ಹಾಳೆಯನ್ನು ಮುಂದಿಟ್ಟುಕೊಂಡು, ದಾಖಲೆಯ ಪ್ರಕಾರ ಹೃದಯಾಘಾತವಾದದ್ದು ಬೊಂಬೆಗೆ ಎಂದು ತೀರ್ಮಾನಿಸಿದ್ದಾರೆ. ರೋಗಿ ಐದು ಆ ಹುಡುಗಿಯ ಪಾಲಿಗೆ ಬಂದ ರೋಗಿಯಲ್ಲ. ಅವಳ ಪಾಲಿನ ರೋಗಿ ನಾಲ್ಕಕ್ಕೆ ಇರುವುದು ಕಲ್ಲು. ಆದ್ದರಿಂದ ಅವಳು ತನ್ನ ರೋಗಿಯನ್ನು ವಿಚಾರಿಸದೆ ಕೋಣೆ ಬಿಟ್ಟಳು, ಬೇರೆಯವರ ರೋಗಿಯನ್ನು ಯಂತ್ರದಿಂದ ಬೇರ್ಪಡಿಸಿದಳು, ಗುಂಪು ಚರ್ಚೆ ಮುಗಿಯುವ ಮೊದಲೇ ಉತ್ತರ ಹೇಳಿದಳು ಎಂಬ ಮೂರು ಆರೋಪ ಹೊರಿಸಿ, ಸೊನ್ನೆ ಕೊಟ್ಟು, ಆರು ತಿಂಗಳ ಪಾಠವನ್ನು ಮತ್ತೆ ಮೊದಲಿನಿಂದ ಮಾಡಬೇಕೆಂದು ಹೇಳಿದ್ದಾರೆ. ಮೇಲ್ಮನವಿಯ ಸಭೆ ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಅಲ್ಲಿಯೂ ಇದೇ ನಿಂತರೆ ಅವಳ ಅರ್ಧ ವರ್ಷ ಮಣ್ಣುಪಾಲು.

ಗಾಯಕ್ಕೆ ಉಪ್ಪು ಸವರಿದಂತೆ ಇನ್ನೊಂದು ಸಂಗತಿ ನಡೆಯಿತು. ಆಸ್ಪತ್ರೆಯಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಸ್ಕ್ಯಾನ್ ಮಾಡಿದಾಗ ಪಿತ್ತಕೋಶದಲ್ಲಿ ನಿಜವಾಗಿಯೂ ಕಲ್ಲುಗಳು ಸಿಕ್ಕವು, ಒಂದಲ್ಲ, ಮೂರು. ಒಂಬತ್ತು ವರ್ಷ ಒತ್ತಿಸಿಕೊಂಡದ್ದಕ್ಕೆ ಹುಟ್ಟಿದವೋ ಏನೋ. ಸಮಿತಿಯವರ ಸಂತೋಷಕ್ಕೆ ಪಾರವೇ ಇರಲಿಲ್ಲ. ನೋಡಿ, ಕಲ್ಲು ಇತ್ತು, ಉಳಿದ ವಿದ್ಯಾರ್ಥಿಗಳೆಲ್ಲ ಪತ್ತೆ ಮಾಡಿದರು, ಈಕೆಯೊಬ್ಬಳೇ ತಪ್ಪಿದಳು ಎಂದು ಕಡತಕ್ಕೆ ಸೇರಿಸಿದರು. ಬೆವರು ಸಹಜವೆಂದು ಬರೆದವರಿಗೆ ವಿಶೇಷ ಶ್ರೇಣಿ ಸಿಕ್ಕಿದೆ.

ಆದುದರಿಂದ ಬೊಂಬೆಯವರೇ, ತಮ್ಮಲ್ಲಿ ನನ್ನ ಮೊದಲನೆಯ ವಿನಂತಿ: ತಮ್ಮ ಹೆಸರಿಗೆ ತಪ್ಪಾಗಿ ಜಮೆಯಾಗಿರುವ ನನ್ನ ಹೃದಯಾಘಾತವನ್ನು ದಯವಿಟ್ಟು ನನಗೆ ಹಿಂದಿರುಗಿಸಿ. ತಮಗೆ ವಾರಕ್ಕೆ ನಾಲ್ಕು ಬರುತ್ತವೆ. ನನಗೆ ಅರವತ್ತೊಂದು ವರ್ಷದಲ್ಲಿ ಬಂದದ್ದು ಇದೊಂದೇ, ಅದೂ ಕೈತಪ್ಪಿ ಹೋದರೆ ನಾನು ಏನನ್ನು ತೋರಿಸಿ ವಾದಿಸಲಿ? ಬದಲಿಗೆ ಬೇಕಾದರೆ ನನ್ನ ಮೂರು ಕಲ್ಲುಗಳನ್ನು ತೆಗೆದುಕೊಳ್ಳಿ. ಎರಡನೆಯದಾಗಿ, ತಮ್ಮ ಗಂಟಲಲ್ಲಿ ಒಂದು ಸ್ಪೀಕರ್ ಇದೆಯೆಂದೂ, ಅದರಲ್ಲಿ ‘ಉಸಿರು ಕಟ್ತಿದೆ’, ‘ನೀರು ಕೊಡಿ’, ‘ನಾನು ಉಳೀತೀನಾ ಡಾಕ್ಟ್ರೇ?’ ಎಂಬ ಮೂರು ವಾಕ್ಯಗಳಿವೆಯೆಂದೂ ತಂತ್ರಜ್ಞರು ಹೇಳಿದರು. ಸೋಮವಾರ ಹತ್ತಕ್ಕೆ ತಾವು ಎದ್ದು, ಬಟ್ಟೆ ಉಟ್ಟು, ಒಂದು ಮಹಡಿ ಇಳಿದು ಸಭೆಗೆ ಬಂದು ‘ಅಂದು ನನಗೇನೂ ಆಗಿರಲಿಲ್ಲ’ ಎಂಬ ನಾಲ್ಕನೆಯ ವಾಕ್ಯವನ್ನು ನುಡಿದರೆ ಸಾಕು. ಕಾಲು ಬರದಿದ್ದರೆ ಅಟೆಂಡರು ಗಾಲಿಕುರ್ಚಿ ತರುತ್ತಾರೆ, ನಾನು ಮಾತಾಡಿದ್ದೇನೆ. ಇದು ತಮ್ಮಿಂದಾಗದ ಕೆಲಸವೆಂದು ನನಗೂ ಗೊತ್ತು. ಆದರೆ ಸಮಿತಿಯವರು ನನ್ನ ಮಾತಿಗೆ ಕಿವಿಗೊಡುವುದಿಲ್ಲ. ಒಂಬತ್ತು ವರ್ಷ ಸುಳ್ಳು ನೋವು ಹೇಳಿದವಳ ನಿಜವನ್ನು ನಂಬುವುದು ಹೇಗೆ ಎಂದು ಕೇಳುತ್ತಾರೆ. ತಮ್ಮ ಮಾತನ್ನು ನಂಬುತ್ತಾರೆ, ತಾವು ಯಂತ್ರ. ಇಷ್ಟು ವರ್ಷದಲ್ಲಿ ತಮ್ಮ ಎದೆಗುದ್ದಿ ಪಕ್ಕೆ ಮುರಿದು ಹೋದವರಲ್ಲಿ ತಮಗೆ ‘ಸಾರಿ’ ಎಂದವಳು ಅವಳೊಬ್ಬಳೇ ಎಂಬುದನ್ನು ಮಾತ್ರ ತಾವು ಮರೆಯಬಾರದು.

ನಾನು ವಾರ್ಡಿನಲ್ಲಿದ್ದಾಗ ಏನನ್ನಿಸುತ್ತೆ ಸರ್ ನೋಡಲು ಬಂದಿದ್ದರು. ಕಿತ್ತಳೆ ಹಣ್ಣು ತಂದಿದ್ದರು, ಒಳ್ಳೆಯ ಮನುಷ್ಯ. ಸಮಿತಿಯ ಕೊನೆಯ ಮತ ಅವರದೇ ಎಂದು ತಿಳಿದಿದ್ದರಿಂದ ನಾನು ನೇರವಾಗಿ ‘ಸರ್, ಆ ಹುಡುಗಿ ಮಾಡಿದ್ದು ತಪ್ಪಾ?’ ಎಂದು ಕೇಳಿದೆ. ಅವರು ಅಭ್ಯಾಸಬಲದಿಂದ ‘ನಿಮಗೇನ’ ಎಂದು ಶುರುಮಾಡಿ, ನನ್ನ ಕೈಗೆ ಚುಚ್ಚಿದ್ದ ಸೂಜಿ ನೋಡಿ, ನಿಲ್ಲಿಸಿದರು. ಒಂದು ಕಿತ್ತಳೆ ಕೈಗೆತ್ತಿಕೊಂಡು, ‘ನನಗನ್ನಿಸುತ್ತೆ...’ ಎಂದರು. ಒಂಬತ್ತು ವರ್ಷದಿಂದ ಅಭ್ಯಾಸ ತಪ್ಪಿಹೋಗಿದೆ ಪಾಪ, ಆ ವಾಕ್ಯದ ಮುಂದಿನ ಭಾಗ ಅವರಿಗೆ ಮರೆತುಹೋಗಿತ್ತು. ಕಿತ್ತಳೆ ಸುಲಿದು ನನಗೆ ಅರ್ಧ ಕೊಟ್ಟು ತಾವು ಅರ್ಧ ತಿಂದು ಹೋದರು.

ಹುಡುಗಿಯೂ ಬಂದಿದ್ದಳು. ಅರ್ಜಿ ಗಿರ್ಜಿ ಬೇಡ ಎಂದಳು. ಮತ್ತೆ ಪರೀಕ್ಷೆಗೆ ಕೂರುತ್ತಾಳಂತೆ, ರೋಗಿ ನಾಲ್ಕು ನಾನೇ, ಕಾರ್ಡೂ ಅದೇ. ಅವಳು ಬಾಗಿಲು ತೆರೆದ ಕೂಡಲೇ ಇಪ್ಪತ್ತೆರಡು ಸಂಗತಿಯನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತೇನೆ ಎಂದು ನಾನು ಆಸೆ ತೋರಿಸಿದೆ. ಅವಳು ನಕ್ಕಳು. ‘ಬೇಡಮ್ಮಾ, ನಾನು ಮೊದ್ಲು ಹೋದ್ಸಲ ಕೇಳಿದ್ದನ್ನೇ ಕೇಳ್ತೀನಿ. ನೀವು ಚೆನ್ನಾಗಿದ್ದೀರಿ ಅಂತ ಗೊತ್ತಾಗದೆ ಕಲ್ಲು ಹುಡುಕ್ಲಿ ಹೇಗೆ?’ ಎಂದಳು. ಅದಕ್ಕೆ ಮತ್ತೆ ಅಂಕ ಹೋಗುತ್ತದೆ ಎಂದು ಅವಳಿಗೆ ಗೊತ್ತು. ನನಗೆ ಅಳು ಬಂತು ಬೊಂಬೆಯವರೇ. ಕಾರ್ಡಿನಲ್ಲಿಲ್ಲದ ಅಳು, ಯಾರೂ ಸಹಜವಾಗಿದೆ ಎಂದು ಬರೆದುಕೊಳ್ಳಲಿಲ್ಲ.

ತಮ್ಮ ಮುಂದಿನ ಸಾವುಗಳೆಲ್ಲ ಸುಸೂತ್ರವಾಗಿ ನಡೆದು, ಊಟದ ಗಂಟೆಗೆ ಮೊದಲೇ ತಾವು ಬದುಕುವಂತಾಗಲಿ ಎಂದು ಹಾರೈಸುತ್ತಾ ಮುಗಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಗೋಡೆಯಾಚೆಯ ನೆರೆಯವಳು,
ರೋಗಿ ನಾಲ್ಕು, ಸ್ತ್ರೀ, ವಯಸ್ಸು ಅರವತ್ತೊಂದು

ವಿ.ಸೂ.: ತಾವು ಸೋಮವಾರ ಬರಲಾಗದಿದ್ದರೆ ಚಿಂತೆಯಿಲ್ಲ. ಸಭೆಯ ಕೋಣೆಯನ್ನು ನೋಡಿಬಂದಿದ್ದೇನೆ. ಏನನ್ನಿಸುತ್ತೆ ಸರ್ ಕೂರುವ ಕುರ್ಚಿಯ ಹಿಂದೆಯೇ ಕಿಟಕಿಗೆ ನೆಲ ಮುಟ್ಟುವ ಪರದೆ ಇದೆ, ಒಬ್ಬ ಹೆಂಗಸು ನಿಲ್ಲುವಷ್ಟು ಜಾಗವಿದೆ. ಅವರು ‘ನನಗನ್ನಿಸುತ್ತೆ’ ಎಂದು ಶುರುಮಾಡಿ ಮುಂದಿನ ಮಾತು ಮರೆತ ಕೂಡಲೇ ನಾನು ಮೆಲ್ಲಗೆ ಎತ್ತಿಕೊಡುತ್ತೇನೆ: ‘ಅವಳು ಪಾಸು.’ ಈ ಸಲ ಯಾರೂ ಕೇಳಬೇಕಾಗಿಲ್ಲ.